ಸತ್ಯಾಂಶ: ಹಳೇ ಗೋಡೆಗೆ ಸಿಮೆಂಟ್ ಬಳಿದರೆ ತೇವ ನಿಲ್ಲುತ್ತಾ?

"ಹಳೇ ಮನೆ ರಿಪೇರಿಯಾ? ಸುಣ್ಣದ ಗಾರೆ ಕಿತ್ತು ಸಿಮೆಂಟ್ ಹಾಕಿಸಿ, ತೇವದ ಕಾಟವೇ ಇರೋದಿಲ್ಲ" ಎಂಬ ಮೆಸೇಜ್ ಓಡಾಡುತ್ತಿದೆ. ಇದು ಸರಿಯಲ್ಲ.

ಹಳೇ ಗೋಡೆ ನೆಲದಿಂದ ಹೀರಿದ ನೀರನ್ನು ಸುಣ್ಣದ ಗಾರೆಯ ಮೂಲಕ ಗಾಳಿಗೆ ಬಿಡುತ್ತದೆ. ಸಿಮೆಂಟ್ ಆ ದಾರಿಯನ್ನು ಬಹುಮಟ್ಟಿಗೆ ಮುಚ್ಚುತ್ತದೆ. ಆಗ ತೇವ ಒಳಗೇ ಉಳಿದು ಇನ್ನೂ ಮೇಲಕ್ಕೆ ಏರುತ್ತದೆ. ಜೊತೆಗೆ ಬಂದ ಉಪ್ಪು ಹರಳುಗಟ್ಟಿ, ಇಟ್ಟಿಗೆಯ ಮೈ ಪುಡಿಪುಡಿಯಾಗಿ ಉದುರುತ್ತದೆ. ಗೋಡೆಯೊಳಗೆ ಹೊಕ್ಕ ತೊಲೆಯ ತುದಿಯೂ ಕೊಳೆಯಬಹುದು. ಹೊರಗೆ ಮಾತ್ರ ಪ್ಲಾಸ್ಟರ್ ನುಣ್ಣಗೆ ಕಾಣುತ್ತದೆ, ಅದಕ್ಕೇ ಜನ ನಂಬುತ್ತಾರೆ.

ಮೊದಲು ನೀರು ಎಲ್ಲಿಂದ ಬರ್ತಿದೆ ನೋಡಿ: ಒಡೆದ ಹೆಂಚು, ಕಟ್ಟಿಕೊಂಡ ಮಳೆನೀರಿನ ಪೈಪು, ಗೋಡೆಗೆ ಒತ್ತಿ ಏರಿಸಿದ ಮಣ್ಣು. ಅದನ್ನು ಸರಿಮಾಡಿ ಗೋಡೆ ಒಣಗಲು ಬಿಡಿ. ದಪ್ಪ ಗೋಡೆಗೆ ತಿಂಗಳುಗಟ್ಟಲೆ ಬೇಕು. ಮಕ್ಕಳು ಮಲಗುವ ಕೋಣೆಯಾದರೂ ದಯವಿಟ್ಟು ಅವಸರ ಮಾಡಬೇಡಿ. ಆಮೇಲೆ ಸುಣ್ಣದ ಗಾರೆಯನ್ನೇ ಹಾಕಿಸಿ.