ಸ್ಪ್ಲಿಟ್‌ನಲ್ಲಿ ಒಂದೇ ದಿನ ಇದ್ದರೆ ರೋಮನ್ ಅರಮನೆ ನೋಡಲೇಬೇಕಾ?

ಪರ: ನೋಡದೆ ಬರಬೇಡಿ

ರೋಮನ್ ಪಾಳು ಅಂದ ಕೂಡಲೇ ಬೇಲಿ, ಮುರಿದ ಕಂಬ, ಹಳದಿ ಹುಲ್ಲು ನೆನಪಾಗುತ್ತೆ ಅಲ್ವಾ? ಕ್ರೊಯೇಷಿಯಾದ ಸ್ಪ್ಲಿಟ್‌ನಲ್ಲಿ ಹಾಗಿಲ್ಲ. ರೋಮನ್ ಚಕ್ರವರ್ತಿ ಡಯೋಕ್ಲೀಷಿಯನ್ ಕಟ್ಟಿಸಿದ ಅರಮನೆಯೊಳಗೆ ಇವತ್ತಿಗೂ ಜನ ಸಂಸಾರ ಮಾಡಿಕೊಂಡಿದ್ದಾರೆ. 1,700 ವರ್ಷದ ಗೋಡೆಗೆ ಹಗ್ಗ ಕಟ್ಟಿ ಬನಿಯನ್ ಒಣಹಾಕಿದ್ದರು. ನಾನು ಅದನ್ನೇ ನೋಡುತ್ತಾ ನಿಂತಿದ್ದೆ, ಆ ಮನೆಯವರಿಗೆ ಏನನಿಸಿತೋ! ಬೀದಿಗಳಲ್ಲಿ ಓಡಾಡಲು ಪೈಸೆ ಕೊಡಬೇಕಿಲ್ಲ.

ಈ ಚಕ್ರವರ್ತಿ 305ರಲ್ಲಿ ತಾನಾಗಿಯೇ ಪಟ್ಟ ಬಿಟ್ಟು ಇಲ್ಲಿಗೆ ಬಂದವನು. ಕ್ರೈಸ್ತರಿಗೆ ಕೊಟ್ಟ ಕಾಟ ಅಷ್ಟಿಷ್ಟಲ್ಲ. ಪಕ್ಕದ ಸಲೋನಾದ ಬಿಷಪ್ ಡೊಮ್ನಿಯಸ್ ಸತ್ತದ್ದು ಆ ಕಾಟದಲ್ಲೇ. ಈಗ ನೋಡಿ, ಚಕ್ರವರ್ತಿಯ ಸಮಾಧಿಗೆಂದು ಕಟ್ಟಿದ ಎಂಟು ಮೂಲೆಯ ಕಟ್ಟಡವೇ ಡೊಮ್ನಿಯಸ್ ಹೆಸರಿನ ಚರ್ಚು!

ನೆಲಮಾಳಿಗೆಯನ್ನಂತೂ ಬಿಡಲೇಬೇಡಿ. ಮೇಲೆ ಮನೆ ಮಾಡಿಕೊಂಡವರು ನೂರಾರು ವರ್ಷ ನೆಲಕ್ಕೆ ತೂತು ಕೊರೆದು ಕಸ, ಕೊಚ್ಚೆಯನ್ನೆಲ್ಲ ಕೆಳಗೆ ಸುರಿದರು. ಆ ಕಸ ತುಂಬಿಕೊಂಡಿದ್ದರಿಂದಲೇ ಕಮಾನುಗಳು ಉಳಿದವು. ಮೇಲಿದ್ದ ರಾಜನ ಕೋಣೆಗಳು ಹೆಚ್ಚುಕಮ್ಮಿ ಹೋಗಿಬಿಟ್ಟಿವೆ, ಆದರೆ ಕೆಳಗಿನ ಕೋಣೆಗಳೂ ಅದೇ ಅಳತೆಯವು, ಅವು ಹಾಗೇ ಇವೆ. ಇದಕ್ಕೆ ಟಿಕೆಟ್ ಇದೆ, ಕೊಡಿ.

'ಕಲ್ಲು ಎಲ್ಲಿದ್ದರೂ ಕಲ್ಲೇ' ಅನ್ನುವವರು ರೂಮಿನಲ್ಲೇ ಮಲಗಿರಲಿ. ಬಿಸಿಲಾ? ಟೋಪಿ ಹಾಕಿಕೊಳ್ಳಿ.

ವಿರೋಧ: ಅಮ್ಮ ಜೊತೆಗಿದ್ದರೆ ಬೇಡ

ಈ ಕಡೆಗೆ ಯಾರೂ ಸಿಗಲಿಲ್ಲವಂತೆ, ನನ್ನ ತಲೆಗೆ ಕಟ್ಟಿದ್ದಾರೆ. ಅರಮನೆ ಚೆನ್ನಾಗಿಲ್ಲ ಅನ್ನಲು ನನಗೂ ಬಾಯಿ ಬರಲ್ಲ. ಆದರೆ ಜುಲೈ ಬಿಸಿಲಲ್ಲಿ, ಹಡಗಿನಿಂದ ಇಳಿದ ಜನದ ನಡುವೆ, ಮಂಡಿನೋವಿನ ಅಮ್ಮನ ಕೈ ಹಿಡಿದು ಹೋಗಿ ನೋಡಿ. ನೆಲದ ಕಲ್ಲು ಸವೆದು ಸವೆದು ಬಚ್ಚಲ ಕಲ್ಲಿನ ಹಾಗೆ ಜಾರುತ್ತೆ.

ಕಂಬಗಳ ಅಂಗಳದ ಮೆಟ್ಟಿಲ ಮೇಲೆ ಮೆತ್ತೆ ಹಾಕಿತ್ತು. ಅಮ್ಮ ಉಸ್ಸಪ್ಪಾ ಅಂತ ಕೂತರು. ಹುಡುಗನೊಬ್ಬ ಮೆನು ತಂದು ಕೊಟ್ಟ. ಆ ಮೆತ್ತೆ ಪಕ್ಕದ ಕೆಫೆಯದ್ದಂತೆ, ಕೂತರೆ ಏನಾದರೂ ತಗೋಬೇಕಂತೆ.

"ಇಷ್ಟು ದೂರ ಬಂದು ಇನ್ನೊಬ್ಬರ ಜಗಲಿ ಮೇಲೆ ಕೂರೋಕೆ ದುಡ್ಡು ಕೊಡಬೇಕೇನೇ?" ಅಂದು ಅಮ್ಮ ಎದ್ದೇಬಿಟ್ಟರು.

ನಿಧಾನಕ್ಕೆ ನಡೆದು ಬಾಚ್ವಿಟ್ಸೆ ಕಡಲತೀರಕ್ಕೆ ಹೋದೆವು. ಮರಳು, ಕಣಕಾಲು ಮುಳುಗುವಷ್ಟೇ ನೀರು. ಅಲ್ಲಿ ಪಿಟ್ಸಿಗಿನ್ ಅಂತ ಒಂದು ಆಟ ಆಡ್ತಾರೆ. ಪುಟ್ಟ ಚೆಂಡನ್ನು ಅಂಗೈಯಲ್ಲಿ ತಟ್ಟುತ್ತಾ ನೀರಿಗೆ ಬೀಳದ ಹಾಗೆ ನೋಡಿಕೊಳ್ಳಬೇಕು, ಅಷ್ಟೇ. ಹೊಟ್ಟೆ ಬಂದ ತಾತಂದಿರೂ ಅದಕ್ಕಾಗಿ ಹಾರಿ ದಬಕ್ಕನೆ ಬೀಳ್ತಾರೆ. ಅಮ್ಮ ಸೀರೆ ಎತ್ತಿ ಹಿಡಿದು ಕಾಲು ನೀರಲ್ಲಿಟ್ಟು ಒಂದೂವರೆ ಗಂಟೆ ನಕ್ಕರು. ನೆಲಮಾಳಿಗೆ ನಾನಿನ್ನೂ ನೋಡಿಲ್ಲ.