ಮನೆ ಅಲ್ಲೇ ಇದೆ, ಜಿಲ್ಲೆ ಸಿಗ್ತಿಲ್ಲ

ರಾಮನಗರ ಈಗ ಬೆಂಗಳೂರು ದಕ್ಷಿಣ. ಸಂತೋಷ. ಕ್ಲೋಸ್‌ಪೇಟೆ ಅಂತಿದ್ದ ಊರು ರಾಮನಗರವಾಯಿತು, 2007ರಲ್ಲಿ ಜಿಲ್ಲೆಯಾಯಿತು, 2025ರಲ್ಲಿ ಜಿಲ್ಲೆಗೆ ಬೆಂಗಳೂರಿನ ಹೆಸರು ಬಂತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದವಲ್ಲ, ಅವುಗಳಲ್ಲೂ ಒಂದು ಬೆಂಗಳೂರು ದಕ್ಷಿಣ. ಲೋಕಸಭೆಗೆ ಒಂದು ಬೆಂಗಳೂರು ದಕ್ಷಿಣ ಮೊದಲಿಂದಲೇ ಇದೆ. ಬೆಂಗಳೂರು ನಗರ ಜಿಲ್ಲೆಯೊಳಗೆ ಒಂದು ತಾಲ್ಲೂಕೂ ಇದೆ. ಇಷ್ಟೊಂದು ದಕ್ಷಿಣ ಕನ್ಯಾಕುಮಾರಿಗೂ ಸಿಕ್ಕಿಲ್ಲ.

ಜನ ಹೇಗೋ ಹೊಂದಿಕೊಳ್ಳುತ್ತಾರೆ. ಕಂಡಕ್ಟರ್ ಸೀಟಿ ಊದಿದರೆ ಕನಕಪುರದ ಬಸ್ಸು ಹೊರಡುತ್ತದೆ, ಯಾವ ಜಿಲ್ಲೆ ಅಂತ ಡ್ರೈವರ್ ಕೇಳುವುದಿಲ್ಲ. ನನಗೆ ಪಾಪ ಅನ್ನಿಸುವುದು ಕಂಪ್ಯೂಟರಿನ ಡ್ರಾಪ್‌ಡೌನ್‌ಗಳನ್ನು, ಅಂದರೆ ಒತ್ತಿದರೆ ಕೆಳಗಿಳಿಯುವ ಆಯ್ಕೆಯ ಪಟ್ಟಿಗಳನ್ನು, ನೆನೆದು.

ನಮ್ಮ ಸೋದರಮಾವ ಹರಪನಹಳ್ಳಿಯವರು. ಹುಟ್ಟಿದ್ದು 1950ರಲ್ಲಿ, ಮದ್ರಾಸ್ ರಾಜ್ಯದಲ್ಲಿ. ಮೂರು ವರ್ಷದ ಮಗು ಆಗಿದ್ದಾಗ ಬಳ್ಳಾರಿ ಜೊತೆ ಮೈಸೂರಿಗೆ ಸೇರಿದರು. 1973ರಲ್ಲಿ ಕರ್ನಾಟಕದವರಾದರು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋದರು, 2018ರಲ್ಲಿ ಬಳ್ಳಾರಿಗೆ ವಾಪಸ್ ಬಂದರು, 2021ರಲ್ಲಿ ವಿಜಯನಗರಕ್ಕೆ ಹೊರಟರು. ಇಷ್ಟೆಲ್ಲ ತಿರುಗಾಡಿದ್ದು ಅದೇ ಕಟ್ಟೆಯ ಮೇಲೆ ಕೂತುಕೊಂಡೇ. ಮನೆ ಒಂದು ಇಂಚು ಕದಲಿಲ್ಲ. ಮುಂದಿನ ಬೇವಿನಮರವೂ ಅಲ್ಲೇ ಇದೆ.

ಹೋದ ತಿಂಗಳು ಒಂದು ಕಚೇರಿಯಲ್ಲಿ ಅವರ ಅರ್ಜಿ ತುಂಬಿಸಲು ಜೊತೆಗೆ ಹೋಗಿದ್ದೆ. ಆಪರೇಟರ್ ಹುಡುಗ ಜಿಲ್ಲೆಯ ಪಟ್ಟಿ ಮೇಲೆ ಕೆಳಗೆ ಎಳೆದ. ಇದ್ದದ್ದು ಮೂವತ್ತೇ ಹೆಸರು. ಮೂವತ್ತೊಂದನೇ ಜಿಲ್ಲೆ ವಿಜಯನಗರ ಹುಟ್ಟಿದ ಸುದ್ದಿ ಆ ಪೆಟ್ಟಿಗೆಗೆ ತಲುಪಿರಲಿಲ್ಲ. ಬೆಂಗಳೂರು ಇನ್ನೂ ಬ್ಯಾಂಗಲೋರ್, ಶಿವಮೊಗ್ಗ ಇನ್ನೂ ಶಿಮೋಗ. 2014ರ ರಾಜ್ಯೋತ್ಸವದ ದಿನ ಹನ್ನೆರಡು ಊರಿನ ಹೆಸರು ಬದಲಾಗಿದ್ದು ಅದಕ್ಕೆ ಯಾರೂ ಹೇಳಿಲ್ಲ, ಪಾಪ.

"ಬಳ್ಳಾರಿ ಅಂತ ಹಾಕ್ಲಾ, ಯಜ್ಜಾ?" ಅಂದ ಹುಡುಗ. ಹಾಕಿದ. ಕೆಂಪಕ್ಷರ ಬಂತು. ಆಧಾರ್‌ನಲ್ಲಿ ದಾವಣಗೆರೆ ಇದೆಯಲ್ಲ! ದಾವಣಗೆರೆ ಹಾಕಿದ. ಆ ಜಿಲ್ಲೆಯ ಪಟ್ಟಿಯಲ್ಲಿ ಹರಪನಹಳ್ಳಿ ತಾಲ್ಲೂಕೇ ಇಲ್ಲ. "ಸಿಸ್ಟಂ ತಗೋತಿಲ್ಲ" ಅಂದ. ಈ ಮಾತಿಗೆ ಮೇಲ್ಮನವಿ ಇಲ್ಲ, ಸುಪ್ರೀಂ ಕೋರ್ಟಿಗೂ ಹೋಗುವಂತಿಲ್ಲ.

ನಾನೂ ಹದಿನಾಲ್ಕು ವರ್ಷ ಕೋಡ್ ಬರೆದವನೇ. ಬೈಯುವ ಹಕ್ಕು ನನಗೆ ಸ್ವಲ್ಪ ಕಡಿಮೆ. ಜಿಲ್ಲೆಯ ಹೆಸರನ್ನು ಕೋಡಿನೊಳಗೆ ಹತ್ತಾರು ಕಡೆ ಅಂಟಿಸಿ ಮನೆಗೆ ಹೋಗಿ ನಿದ್ದೆ ಮಾಡಿದ್ದೇನೆ. ಹಾರ್ಡ್‌ಕೋಡ್ ಮಾಡುವುದು ಅಂತೀವಿ ಇದಕ್ಕೆ. ಆಮೇಲೆ ಹೆಸರು ಬದಲಿಸಿ ಅಂತ ಯಾರಾದರೂ ಕೇಳಿದರೆ ಅದು ಸಿ.ಆರ್., ಅಂದರೆ ಚೇಂಜ್ ರಿಕ್ವೆಸ್ಟ್. ನಮಗೆ ಹಬ್ಬ. ನಲವತ್ತು ದಿನದ ಕೆಲಸ ಅಂತ ಲೆಕ್ಕ ಕೊಡುತ್ತಿದ್ದೆವು. ಅದು ಸುಳ್ಳೂ ಅಲ್ಲ, ಅಷ್ಟು ಗಟ್ಟಿಯಾಗಿ ಅಂಟಿಸಿರುತ್ತಿದ್ದೆವು. ಇಸವಿ ಬರೆಯಲು ಕೊನೆಯ ಎರಡೇ ಅಂಕಿ ಸಾಕು ಅಂತ ಹಿಂದಿನವರು ಬರೆದಿಟ್ಟಿದ್ದರಿಂದಲೇ ಅಲ್ವಾ, 2000 ಇಸವಿ ಬರುವಾಗ ಬೆಂಗಳೂರಿನ ಕಂಪನಿಗಳಿಗೆ ಅಷ್ಟೊಂದು ಕೆಲಸ ಸಿಕ್ಕಿದ್ದು?

ಇದೇನು ಯಾರಿಗೂ ಗೊತ್ತಿಲ್ಲದ ವಿದ್ಯೆಯಲ್ಲ. ಡೇವಿಡ್ ಪಾರ್ನಾಸ್ ಎಂಬ ಕಂಪ್ಯೂಟರ್ ವಿಜ್ಞಾನಿ, ಪುಣ್ಯಾತ್ಮ, 1972ರಲ್ಲೇ ಬರೆದಿಟ್ಟಿದ್ದಾರೆ. ಆಗಿನ್ನೂ ನಾವು ಮೈಸೂರು ರಾಜ್ಯ. ಮುಂದೆ ಬದಲಾಗಬಹುದು ಅನ್ನಿಸುವ ಒಂದೊಂದನ್ನೂ ಒಂದೊಂದು ಮಾಡ್ಯೂಲಿನೊಳಗೆ, ಅಂದರೆ ಕೋಡಿನ ಒಂದೊಂದು ಬೇರೆ ತುಂಡಿನೊಳಗೆ, ಮುಚ್ಚಿಡಿ, ಬದಲಾದ ದಿನ ಅದೊಂದನ್ನು ಬಿಚ್ಚಿದರೆ ಸಾಕು, ಇಷ್ಟೇ ವಿಷಯ. ಜಿಲ್ಲೆಗೊಂದು ನಂಬರ್ ಕೊಡಿ. ಹೆಸರು ಒಂದೇ ಪಟ್ಟಿಯಲ್ಲಿರಲಿ. ಯಾವ ತಾಲ್ಲೂಕು ಯಾವ ತಾರೀಖಿನಿಂದ ಯಾವ ಜಿಲ್ಲೆಯಲ್ಲಿತ್ತು ಅಂತ ಪಕ್ಕದಲ್ಲಿ ಬರೆದಿಡಿ. ಮುಗೀತು.

ನಮ್ಮೂರ ಟೈಲರ್ ಪಾರ್ನಾಸ್ ಅವರನ್ನು ಓದಿರಲಿಲ್ಲ. ಆದರೂ ಯೂನಿಫಾರಂ ಲಂಗಕ್ಕೆ ಕೆಳಗೆ ನಾಲ್ಕು ಬೆರಳು ಬಟ್ಟೆ ಮಡಚಿ ಹೊಲಿಯುತ್ತಿದ್ದ. ಪ್ರತಿ ಜೂನ್‌ನಲ್ಲಿ ನಮ್ಮಕ್ಕನ ಲಂಗದ ಒಂದು ಮಡಿಕೆ ಬಿಚ್ಚುತ್ತಿದ್ದರು. ಮಾಸಿದ ನೀಲಿಯ ಕೆಳಗೆ ಹೊಸ ನೀಲಿಯ ಒಂದು ಪಟ್ಟಿ ಕಾಣುತ್ತಿತ್ತು. ಅಕ್ಕನಿಗೆ ನಾಚಿಕೆ, ಅಮ್ಮನಿಗೆ ಉಳಿತಾಯ. ಹುಡುಗಿ ಬೆಳೀತಾಳೆ ಅಂತ ಟೈಲರ್‌ಗೆ ಗೊತ್ತಿತ್ತು. ಕರ್ನಾಟಕದಲ್ಲಿ ಜಿಲ್ಲೆಗಳು ಒಡೆಯುತ್ತವೆ, ಹೆಸರು ಬದಲಾಗುತ್ತವೆ ಅಂತ ಸಾಫ್ಟ್‌ವೇರ್ ಮಾಡಿದವರಿಗೆ ಗೊತ್ತಿರಲಿಲ್ಲವಂತೆ.

ನಗುತ್ತಾ ಬರೆಯೋಣ ಅಂತಲೇ ಕೂತೆ. ಆಗುತ್ತಿಲ್ಲ. ಎಪ್ಪತ್ತೈದು ದಾಟಿದ ಮನುಷ್ಯ ಒಂದೇ ಕೆಲಸಕ್ಕೆ ಮೂರು ಸಲ ಬಂದು, ಒಂದು ಪೊಟ್ಟಣ ಬಿಸ್ಕತ್ ತಿಂದು ಸಂಜೆತನಕ ಬೆಂಚಿನ ಮೇಲೆ ಕೂತಿದ್ದರು. ತಪ್ಪು ನನ್ನದೇ ಇರಬೇಕು ಅಂತ ಆಧಾರ್ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಅದೊಂದು ನೋಡಲಿಕ್ಕಾಗಲಿಲ್ಲ.

ಕೊನೆಗೆ ಅಫಿಡವಿಟ್ ತನ್ನಿ ಅಂದರು, ಮನೆ ಇದ್ದಲ್ಲೇ ಇದೆ ಅಂತ. ನೋಟರಿ ಹತ್ತಿರ ಹೋದೆವು. ಅವರ ಬಳಿಯಿದ್ದ ಹಳೇ ಫಾರಂನಲ್ಲೂ ಬಳ್ಳಾರಿ ಜಿಲ್ಲೆ ಅಂತಲೇ ಅಚ್ಚಾಗಿತ್ತು. ನಾನು ಮಾವನ ಮುಖ ನೋಡಿದೆ. ನೋಟರಿ ಜೇಬಿಂದ ಪೆನ್ನು ತೆಗೆದು ಬಳ್ಳಾರಿಯ ಮೇಲೆ ಒಂದು ಗೆರೆ ಎಳೆದರು, ಮೇಲೆ ವಿಜಯನಗರ ಅಂತ ಬರೆದರು, ಪಕ್ಕದಲ್ಲಿ ಸಣ್ಣ ಸಹಿ ಹಾಕಿ, "ಮುಂದಿನವರು ಬನ್ನಿ" ಅಂದರು.