ಎಮರ್ಸನ್ ಮತ್ತು ಗೀತೆ: ಒಂದು ಸ್ಪಷ್ಟನೆ

‘ಭಗವದ್ಗೀತೆ ಓದಿದ ಎಮರ್ಸನ್ ಅಮೆರಿಕದ ತತ್ತ್ವಚಿಂತನೆಯನ್ನು ಹುಟ್ಟುಹಾಕಿದರು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇಸವಿಗಳೇ ಇದನ್ನು ಒಪ್ಪುವುದಿಲ್ಲ. 19ನೇ ಶತಮಾನದ ಅಮೆರಿಕನ್ ಲೇಖಕ ಎಮರ್ಸನ್ ತಮ್ಮ ಚಿಂತನೆಯನ್ನು ಮಂಡಿಸಿದ ಮೊದಲ ಪುಸ್ತಕ ‘ನೇಚರ್’ ಪ್ರಕಟವಾದದ್ದು 1836ರಲ್ಲಿ. ಚಾರ್ಲ್ಸ್ ವಿಲ್ಕಿನ್ಸ್ ಇಂಗ್ಲಿಷಿಗೆ ಅನುವಾದಿಸಿದ ಗೀತೆ ಎಮರ್ಸನ್ ವಾಸವಿದ್ದ ಕಾಂಕರ್ಡ್ ಊರಿನಲ್ಲಿ ಅವರ ಕೈಸೇರಿದ್ದು 1845ರಲ್ಲಿ. ಫ್ರೆಂಚ್ ಚಿಂತಕ ಕೂಸಾನ್ ಬರಹದಿಂದ ಅದರ ಅಲ್ಪ ಪರಿಚಯ ಮೊದಲೇ ಇತ್ತು, ನಿಜ. ಆದರೂ 1845ರ ಪತ್ರವೊಂದರಲ್ಲಿ ಅವರು ಗೀತೆಯನ್ನು ಬೌದ್ಧಗ್ರಂಥವೆಂದೇ ಕರೆದಿದ್ದಾರೆ! ಅವರ ಆರಂಭದ ಚಿಂತನೆಗೆ ಹೆಚ್ಚು ನೀರೆರೆದದ್ದು ಬಾಸ್ಟನ್ನಿನ ಯೂನಿಟೇರಿಯನ್ ಚರ್ಚು (ತ್ರಿತ್ವವನ್ನು ಒಪ್ಪದ ಕ್ರೈಸ್ತ ಪಂಥ), ಪ್ಲೇಟೋ, ಮತ್ತು ಇಂಗ್ಲಿಷ್ ಕವಿ ಕೋಲ್‌ರಿಜ್ ಮೂಲಕ ಬಂದ ಜರ್ಮನ್ ತತ್ತ್ವಜ್ಞಾನಿ ಕಾಂಟ್. ಅಷ್ಟಕ್ಕೂ ಎಮರ್ಸನ್ ಮೊದಲಿಗರೇನಲ್ಲ. ಅಮೆರಿಕದ ಧರ್ಮಚಿಂತಕ ಜೊನಾಥನ್ ಎಡ್ವರ್ಡ್ಸ್ 1754ರಲ್ಲೇ ಇಚ್ಛಾಸ್ವಾತಂತ್ರ್ಯದ ಕುರಿತು ಗಟ್ಟಿ ಗ್ರಂಥ ಬರೆದಿದ್ದರು. ಗೀತೆಯ ನಿಜವಾದ ಛಾಯೆ ಬೇಕಿದ್ದವರು ಎಮರ್ಸನ್ನರ ‘ಬ್ರಹ್ಮ’ ಕವಿತೆಯನ್ನು ಓದಲಿ. ಅದು ಪ್ರಕಟವಾದದ್ದು 1857ರಲ್ಲಿ.